ನೋಡಿ ಬಂದ ತೋಟವನ್ನು ನಮ್ಮ ಪಾತಿಗೆ ಇಳಿಸುವುದು: ನನ್ನ ಅನುಭವ

ಬೇರೆಯವರ ತೋಟದ ಫೋಟೋ ಇಟ್ಟುಕೊಂಡು ನಮ್ಮಲ್ಲಿ ಪಾತಿ ಕಟ್ಟೋಕಾಗಲ್ಲ, ಮಣ್ಣು ಬೇರೆ, ಬಿಸಿಲು ಬೇರೆ ಅಂತ ಹೇಳಿದವರು ಬಹಳ. ಆಗುತ್ತೆ. ಮೊದಲೆಲ್ಲ ಕೊಂಡು ತಂದ ಗಿಡಗಳಲ್ಲಿ ಮೂರಕ್ಕೊಂದು ಮೊದಲ ವರ್ಷವೇ ಹೋಗುತ್ತಿತ್ತು. ಈಗ ಹತ್ತಕ್ಕೊಂದು ಹೋದರೆ ಹೆಚ್ಚು. ಗಿಡದ ಖರ್ಚು ಅಂದಾಜು ಅರ್ಧಕ್ಕೆ ಇಳಿದಿದೆ. ಬದಲಾಗಿದ್ದು ಫೋಟೋ ತೆಗೆಯುವ ಕ್ರಮ ಮತ್ತು ಪುಸ್ತಕ ಓದುವ ಕ್ರಮ. ಕ್ಯಾಮೆರಾ ಫೋನಿನದೇ.

ಒಂದು ಗಿಡಕ್ಕೆ ಐದು ಫೋಟೋ, ಯಾವಾಗಲೂ ಇದೇ ಸರದಿಯಲ್ಲಿ: ಹೆಸರಿನ ಫಲಕ, ಇಡೀ ಗಿಡ, ಎಲೆ ಕಾಂಡಕ್ಕೆ ಸೇರುವ ಜಾಗ, ಬುಡ, ಕೊನೆಗೆ ಅಕ್ಕಪಕ್ಕದ ಗಿಡಗಳೊಂದಿಗೆ ದೂರದ ನೋಟ. ಫಲಕ ಮೊದಲು ಬಂದರೆ ಮನೆಯಲ್ಲಿ ವಿಂಗಡಿಸುವಾಗ ಒಂದರ ಹೆಸರು ಇನ್ನೊಂದಕ್ಕೆ ಅಂಟುವುದಿಲ್ಲ. ದೂರದ ನೋಟಕ್ಕೆ ಹತ್ತು ಸೆಂಟಿಮೀಟರಿಗೊಂದು ಬಣ್ಣದ ಟೇಪ್ ಸುತ್ತಿದ ಕೋಲನ್ನು ಪಾತಿಯ ಅಂಚಿಗೆ ನಿಲ್ಲಿಸುತ್ತೇನೆ. ಕೋಲು ಒಳಗೆ ಬಿಡದ ಕಡೆ ಮಡಚಿದ ಕೊಡೆ ಸಾಕು, ಉದ್ದ ಗೊತ್ತಿದ್ದರಾಯಿತು. ಫೋನಿನ ಮಾಮೂಲಿ ಲೆನ್ಸ್ ಅಗಲದ್ದು. ಹತ್ತಿರದ ಗಿಡವನ್ನು ಹಿಗ್ಗಿಸಿ ಹಿಂದಿನದನ್ನು ದೂರ ತಳ್ಳುತ್ತದೆ. ಅದನ್ನು ನಂಬಿ ಅಂತರ ಲೆಕ್ಕ ಹಾಕಿದರೆ ಪಾತಿ ಬಿಕೋ ಅನ್ನುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು 2x ಝೂಮ್ ಇಟ್ಟು ತೆಗೆಯಿರಿ.

ಬಣ್ಣದ ವಿಷಯದಲ್ಲಿ ಫೋಟೋವನ್ನು ನಂಬುವುದೇ ಬೇಡ. ಕಡುಕೆಂಪು ದಾಸವಾಳವನ್ನು ನೇರ ಬಿಸಿಲಲ್ಲಿ ತೆಗೆದರೆ ಎಸಳಿನ ನರ, ಮಡಿಕೆ ಎಲ್ಲ ಅಳಿಸಿ ಹೋಗಿ ಒಂದೇ ಕೆಂಪು ಮುದ್ದೆ ಉಳಿಯುತ್ತದೆ. ಬೆಳಕನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಅರ್ಧಕ್ಕೆ, ಇಳಿಸಿದರೆ ನರಗಳು ಮರಳಿ ಕಾಣುತ್ತವೆ. ನೀಲಿಯದು ಇನ್ನೊಂದು ತಾಪತ್ರಯ. ಅಜೆರೇಟಮ್‌ನಂಥ ಹೂಗಳು ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನೂ ಚೆಲ್ಲುತ್ತವೆ. ಫಿಲ್ಮ್ ಕಾಲದಲ್ಲಿ ಅವು ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದುದು ಅದಕ್ಕೇ. ಡಿಜಿಟಲ್‌ನಲ್ಲಿ ಇದು ಕಡಿಮೆ, ಆದರೂ ನೀಲಿ ನೇರಳೆಗಳ ನಡುವೆ ಹೊಯ್ದಾಟ ಇದ್ದೇ ಇದೆ. ಪೇಂಟಿನ ಶೇಡ್ ಕಾರ್ಡನ್ನು ಹೂವಿನ ಪಕ್ಕ ಹಿಡಿದು ನಂಬರ್ ಬರೆದುಕೊಳ್ಳುವುದೇ ಗಟ್ಟಿ ದಾರಿ. ಈ ಕೆಲಸಕ್ಕೆಂದು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಕೊಳ್ಳುವುದು ದಂಡ. ಆ ದುಡ್ಡಿಗೆ ಗೊಬ್ಬರ ತನ್ನಿ.

ಪ್ರದರ್ಶನದ ಪಾತಿಗಳ ಬುಡ ನೋಡದೆ ಮುಂದೆ ಹೋಗಬೇಡಿ. ಮಲ್ಚಿನ (ಮಣ್ಣಿನ ಮೇಲೆ ಹಾಸಿದ ಹೊದಿಕೆಯ) ಕೆಳಗೆ ಕುಂಡದ ಕಂಠ ಇಣುಕುತ್ತಿದ್ದರೆ, ಬುಡದ ಸುತ್ತ ಒಂದೂ ಹೊಸ ಚಿಗುರಿಲ್ಲದಿದ್ದರೆ, ಅದು ಅಲ್ಲಿ ಬೆಳೆದ ಗಿಡವಲ್ಲ, ವಾರದ ಹಿಂದೆ ತಂದು ಹೂತದ್ದು. ಅಂಥ ಕಡೆ ಗಿಡಗಳನ್ನು ಒತ್ತೊತ್ತಾಗಿ ತುಂಬಿರುತ್ತಾರೆ. ಅಂತರ ಅರ್ಧಕ್ಕಿಳಿದರೆ ಅಷ್ಟೇ ಜಾಗಕ್ಕೆ ನಾಲ್ಕು ಪಟ್ಟು ಗಿಡ ಬೇಕು. ಕೈ ಸುಡುವುದು ಇಲ್ಲೇ. ನಾನು ಹಾಕುವ ಲೆಕ್ಕ ಸರಳ: ಅಕ್ಕಪಕ್ಕದ ಎರಡು ಗಿಡಗಳ ಪೂರ್ಣ ಹರವು, ಅಂದರೆ ಬೆಳೆದು ನಿಂತಾಗಿನ ಅಗಲ, ಕೂಡಿಸಿ ಅರ್ಧ ಮಾಡುವುದು. 60 ಸೆಂಟಿಮೀಟರಿನದೂ 40ರದೂ ಜೋಡಿಯಾದರೆ ನಡುವೆ 50. ಮೊದಲ ವರ್ಷದ ಖಾಲಿ ಜಾಗಕ್ಕೆ ಬಣ್ಣದೆಲೆಯ ಕೋಲಿಯಸ್ ಗಿಡದ ತುಂಡುಗಳು ಸಾಕು, ಬಿಟ್ಟಿ ಸಿಗುತ್ತವೆ.

ಇನ್ನು ಎಲ್ಲರೂ ಅನುಮಾನಪಟ್ಟ ಹಂತ. ದೂರದ ನೋಟಗಳನ್ನೆಲ್ಲ ಕಪ್ಪುಬಿಳುಪು ಮಾಡಿ ಸಾಧಾರಣ ಕಾಗದದ ಮೇಲೆ ಪ್ರಿಂಟ್ ತೆಗೆಯುತ್ತೇನೆ. ಆಗ ಪಾತಿಯ ಎಲುಬು ಕಾಣುತ್ತದೆ. ಕೆಂಪು ಹೂವಿನ ಕಾಬಾಳೆ ಹಸಿರೆಲೆಯ ಜೊತೆ ಒಂದೇ ಬೂದು ಬಣ್ಣವಾಗಿ ಕಲಸಿಹೋಗುತ್ತದೆ, ಆದರೆ ಅದರ ಅಗಲ ಎಲೆ ಎದ್ದು ನಿಲ್ಲುತ್ತದೆ. ಸಣ್ಣೆಲೆಯ ಗಿಡಗಳೇ ತುಂಬಿದ ಪಾತಿ ಕಲಸಿದ ಹಿಟ್ಟಿನಂತೆ ಕಾಣುತ್ತದೆ. ಹೂ ಮುಗಿದ ಮೇಲೆ ಕಣ್ಣಿಗೂ ಅದು ಹಾಗೇ. ಮುಸ್ಸಂಜೆಯ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುತ್ತದೆ, ನೀಲಿ ಬಿಳಿ ಹೊತ್ತಾದರೂ ಹೊಳೆಯುತ್ತವೆ. ಸಂಜೆ ಕೂರುವ ಜಾಗಕ್ಕೆ ಕೆಂಪು ಹಾಕಿದರೆ ದುಡ್ಡು ಕತ್ತಲಲ್ಲಿ ಇಟ್ಟಂತೆ. ಇಂಗ್ಲೆಂಡಿನ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್ ದೃಷ್ಟಿ ಮಂದವಿದ್ದವರು. 1885ರ ಸುಮಾರಿಗೆ ಕ್ಯಾಮೆರಾ ಹಿಡಿದರು, ತೆಗೆದದ್ದು ಕಪ್ಪುಬಿಳುಪು. ಬಣ್ಣದ ಪಾತಿಗಳಿಗೆ ಇಂದಿಗೂ ಅವರ ಹೆಸರನ್ನೇ ಹೇಳುತ್ತೇವೆ. ಅಗಲ ಎಲೆ, ಕತ್ತಿಯಂಥ ಎಲೆ, ಸಣ್ಣೆಲೆ ಮೂರೂ ಬೇಕು. ನಾನು ಇಡುವ ಪ್ರಮಾಣ ಮಾತ್ರ ಇಲ್ಲಿ ಹೇಳುವುದಿಲ್ಲ, ನಿಮ್ಮ ಪ್ರಿಂಟುಗಳೇ ಹೇಳಲಿ.

ಪುಸ್ತಕ ತೆಗೆಯುವುದು ಇದಾದ ಮೇಲೆ. ಮೊದಲು ನೋಡಬೇಕಾದ್ದು ಲೇಖಕರು ಯಾವ ಅಕ್ಷಾಂಶದಲ್ಲಿ ಕೂತು ಬರೆದರು ಎಂಬುದು. ಲಂಡನ್ನಿನ ಕ್ಯೂ ತೋಟ ಇರುವ 51.5 ಡಿಗ್ರಿ ಉತ್ತರದಲ್ಲಿ ನಡುಬೇಸಿಗೆಯ ಮಟಮಟ ಮಧ್ಯಾಹ್ನವೂ ಸೂರ್ಯ 62 ಡಿಗ್ರಿ ದಾಟಿ ಏರುವುದಿಲ್ಲ. ಅಲ್ಲಿಯ ‘ಪೂರ್ಣ ಬಿಸಿಲು’ ಉಷ್ಣವಲಯದಲ್ಲಿ ಎಷ್ಟೋ ಗಿಡಗಳಿಗೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಎಂದಾಗುತ್ತದೆ. ಅಮೆರಿಕದ ಪುಸ್ತಕಗಳು ಗಿಡದ ಹೆಸರಿನ ಜೊತೆ ಕೊಡುವ ವಲಯ ಸಂಖ್ಯೆ (zone) ಚಳಿಯ ಕನಿಷ್ಠ ಉಷ್ಣಾಂಶದ ಲೆಕ್ಕ; ಸೆಕೆ, ತೇವದ ಬಗ್ಗೆ ಅದು ಏನೂ ಹೇಳುವುದಿಲ್ಲ. ಲ್ಯಾವೆಂಡರ್ ಒಣ ಬಿಸಿಲು ತಡೆದೀತು, ಆದರೆ ನೀರು ನಿಂತ ಮಣ್ಣಲ್ಲಿ ಬೇರು ಕೊಳೆತು ಸಾಯುತ್ತದೆ. ದಕ್ಷಿಣ ಗೋಳಾರ್ಧದಲ್ಲಿರುವವರು ಬಿತ್ತನೆಯ ತಿಂಗಳಿಗೆ ಆರು ಸೇರಿಸಿಕೊಳ್ಳಬೇಕು. ಓದುವಾಗ ಹೂವಿನ ಹೊಗಳಿಕೆ ಹಾರಿಸಿ ಎತ್ತರ, ಹರವು, ಬೇರಿನ ಸ್ವಭಾವ ಈ ಮೂರನ್ನು ಪ್ರಿಂಟಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ.

ನಡುವೆ ಇನ್ನೊಂದು ಪ್ರಯೋಗ: ಬಿಳಿ ಕೊಡೆಯನ್ನು ಗಿಡದ ಮೇಲೆ ಹಿಡಿದು ನಡು ಮಧ್ಯಾಹ್ನ ತೆಗೆದರೆ ಮೋಡದ ದಿನದಷ್ಟೇ ಹದವಾದ ಬೆಳಕು ಸಿಗುತ್ತದೆ. ಒಂಟಿ ಗಿಡಕ್ಕೆ ಬಹಳ ಚೆನ್ನ, ಪಾತಿಗೆ ಉಪಯೋಗವಿಲ್ಲ. ಮೆಚ್ಚಿದ ತೋಟಕ್ಕೆ ಹೂವಿಲ್ಲದ ಕಾಲದಲ್ಲೂ ಒಮ್ಮೆ ಹೋಗಿ, ಪಾತಿಯ ಹಿಂಬದಿಯಿಂದ ತೆಗೆಯಿರಿ. ಆಸರೆ ಕಡ್ಡಿ ಎಲ್ಲಿ ನೆಟ್ಟಿದ್ದಾರೆ, ಯಾವ ಗಿಡ ನಡುವಿನಲ್ಲೇ ಬೋಳಾಗಿದೆ, ನೀರಿನ ಪೈಪು ಎಲ್ಲಿ ಹಾದಿದೆ, ಎಲ್ಲ ಆಗ ಸಿಗುತ್ತದೆ. ನಡು ಬೋಳಾದ ಗಿಡ ಅಂದರೆ ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಬುಡ ಒಡೆದು ನೆಡಬೇಕಾದದ್ದು. ಆ ದುಡಿಮೆಗೆ ಸಮಯವಿಲ್ಲದಿದ್ದರೆ ಅದನ್ನು ಪಟ್ಟಿಯಿಂದಲೇ ಹೊಡೆದು ಹಾಕಿ.