ಸ್ತನ ಕ್ಯಾನ್ಸರ್ ಮುಗಿದ ಮೇಲೆ ಶುಗರ್, ಥೈರಾಯ್ಡ್, ಮೂಳೆ ಸವೆತ
ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ ಅರ್ಧ ಗಂಟೆ ಕಾಯಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ ಬೇಕೇ ಬೇಕು. ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಸ್ತನ ಕ್ಯಾನ್ಸರ್ ಮರಳದಂತೆ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಮೂಳೆ ಸವೆಸುತ್ತವೆ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಯಾವಾಗ ಎಂದು ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ. ಜಾರಿದರೆ ಸೊಂಟವೇ ಮುರಿದೀತು.

ಟಮೋಕ್ಸಿಫೆನ್ (ಇದೂ ಕ್ಯಾನ್ಸರ್ ಮರಳದಂತೆ ಕೊಡುವ ಮಾತ್ರೆ) ನುಂಗುವವರಿಗೆ ಖಿನ್ನತೆಗೆ ಪ್ಯಾರಾಕ್ಸೆಟಿನ್ ಬರೆದುಕೊಟ್ಟರೆ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ: ಟಮೋಕ್ಸಿಫೆನ್‌ನ ಕೆಲಸ ಕುಗ್ಗುತ್ತದೆ. ತಾವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಶಿವಮೊಗ್ಗಕ್ಕೆ ಡಾಕ್ಟರ ಬಳಿ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಂಡೇ ಹೋಗಿ, ಚೀಟಿಗಿಂತ ಅದೇ ವಾಸಿ.

ಕಂಕುಳಿನ ಗ್ರಂಥಿ ತೆಗೆದ ಕಡೆಯ ಕೈ ಊದಬಹುದು. ಶುಗರ್ ಇದ್ದರೆ ಗಾಯವೂ ಬೇಗ ಮಾಯದು. ಅಡಿಕೆ ಸುಲಿಯಲು, ತೋಟಕ್ಕಿಳಿಯಲು ಗ್ಲೌಸ್ ಹಾಕಿ. ಕೈ ಕೆಂಪಾಗಿ ಜ್ವರ ಬಂದರೆ ಅರಿಶಿನ ಮೆತ್ತಿ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ.