ಹಳೇ ಕಾರಿನ ಅರ್ಥ್ ದೋಷ ಹಿಡಿಯುವುದು ಹೇಗೆ?

ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಕದಲುತ್ತವೆ. ಸೆಲ್ಫ್ ಹೊಡೆದರೆ ಎಂಜಿನ್ ನಿಧಾನವಾಗಿ ನರಳುತ್ತಾ ತಿರುಗುತ್ತದೆ. ಇಂಥ ಕಾರಿಗೆ ಸಾಮಾನ್ಯವಾಗಿ ನಡೆಯುವ ಉಪಚಾರವೆಂದರೆ ಮೊದಲು ಬಲ್ಬು, ಆಮೇಲೆ ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಶರ್, ಆಮೇಲೆ ಬ್ಯಾಟರಿ, ಕೊನೆಗೆ ಸ್ಟಾರ್ಟರ್ ಮೋಟಾರ್ ಬದಲಿಸುವುದು. ಎಲ್ಲವೂ ಹೊಸದಾದ ಮೇಲೂ ಕಾಯಿಲೆ ಹಾಗೇ ಉಳಿದಿರುತ್ತದೆ, ಏಕೆಂದರೆ ಕರೆಂಟ್ ವಾಪಸ್ ಬರುವ ದಾರಿಯನ್ನು, ಅಂದರೆ 'ಅರ್ಥ್' ಅನ್ನು, ಯಾರೂ ನೋಡಿರುವುದಿಲ್ಲ.

ಹಳೆಯ ಕಾರುಗಳಲ್ಲಿ ಹೆಚ್ಚಿನ ದೀಪಗಳಿಗೆ ಹೋಗುವ ವೈರ್ ಮಾತ್ರ ಇರುತ್ತದೆ. ಬರುವ ದಾರಿ ಬಾಡಿಯ ತಗಡೇ. ಆ ದಾರಿ ತುಕ್ಕಿನಿಂದಲೋ ಪೇಂಟಿನಿಂದಲೋ ಕಟ್ಟಿಹೋದರೆ ಕರೆಂಟ್ ಸಿಕ್ಕ ಬೇರೆ ದಾರಿ ಹಿಡಿಯುತ್ತದೆ. ಹಿಂದಿನ 21/5 ವ್ಯಾಟ್ ಬಲ್ಬಿನಲ್ಲಿ ಬ್ರೇಕಿಗೆ 21, ಪಾರ್ಕಿಂಗಿಗೆ 5 ವ್ಯಾಟಿನ ಎರಡು ಫಿಲಮೆಂಟ್, ಆದರೆ ಅರ್ಥ್ ಒಂದೇ. ಅದು ತಪ್ಪಿದಾಗ ಬ್ರೇಕಿನ ಕರೆಂಟ್ ಪಾರ್ಕಿಂಗ್ ಫಿಲಮೆಂಟಿನ ಮೂಲಕ ಹಿಂದಕ್ಕೆ ಹರಿದು, ಕಾರಿನ ಬೇರೆಲ್ಲೋ ಇರುವ ಪಾರ್ಕಿಂಗ್ ದೀಪಗಳನ್ನು ಮಂಕಾಗಿ ಹೊತ್ತಿಸುತ್ತದೆ. ಒಂದು ದೀಪ ಹಾಕಿದರೆ ಇನ್ನೊಂದು ಉರಿಯುವ ಕಾರಿನಲ್ಲಿ ಮೊದಲ ಅನುಮಾನ ಅರ್ಥಿನ ಮೇಲೇ ಇರಲಿ.

ಹಂತ 1: ಯಾವ ಟರ್ಮಿನಲ್ ಬಾಡಿಗೆ?

ಬ್ಯಾಟರಿಯ ಯಾವ ಕಂಬದಿಂದ ಬಾಡಿಗೆ ಕೇಬಲ್ ಹೋಗಿದೆ ಎಂದು ಕಣ್ಣಾರೆ ನೋಡಿ. 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಕಂಬವೇ ಬಾಡಿಗೆ ಸೇರಿರುತ್ತದೆ. ಊಹೆಯ ಮೇಲೆ ಬ್ಯಾಟರಿ ತಿರುವುಮುರುವು ಜೋಡಿಸಿದರೆ, ಈ ನಡುವೆ ಯಾರಾದರೂ ಕಾರಿಗೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹಾಕಿಸಿದ್ದಲ್ಲಿ ಅದರ ಡಯೋಡುಗಳು ಆ ಕ್ಷಣವೇ ಸುಡುತ್ತವೆ. ಕೆಳಗೆ 'ಅರ್ಥ್ ಕಂಬ' ಎಂದಿರುವುದು ನಿಮ್ಮ ಕಾರಿನಲ್ಲಿ ಬಾಡಿಗೆ ಸೇರಿದ ಕಂಬ. ಅಳೆಯುವಾಗ ಮಲ್ಟಿಮೀಟರಿನಲ್ಲಿ ಮೈನಸ್ ಚಿಹ್ನೆ ಬಂದರೆ ಚಿಂತೆ ಬೇಡ, ಅಂಕಿಯಷ್ಟೇ ನೋಡಿ.

ಹಂತ 2: ಬ್ಯಾಟರಿ

ಕಾರು ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ 12.6 ವೋಲ್ಟ್ ಆಸುಪಾಸು ಇರಬೇಕು. ಕಡಿಮೆಯಿದ್ದರೆ ಚಾರ್ಜ್ ಮಾಡಿ ಮುಂದುವರಿಯಿರಿ.

ಹಂತ 3: ಅಳತೆ

ಕೆಲಸ ಕೆಡುವುದು ಇಲ್ಲೇ. ಮಲ್ಟಿಮೀಟರನ್ನು 'ಬೀಪ್' ಬರುವ ಕಂಟಿನ್ಯೂಟಿಗೆ ಇಟ್ಟು, ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಹೋಲ್ಡರಿಗೆ ಮುಟ್ಟಿಸಿ, ಸದ್ದು ಬಂತೆಂದು 'ಅರ್ಥ್ ಸರಿಯಿದೆ' ಎನ್ನುವವರೇ ಹೆಚ್ಚು. ಆ ಪರೀಕ್ಷೆಯಲ್ಲಿ ಮೀಟರ್ ಹರಿಸುವುದು ಮಿಲಿಆಂಪಿನ ಲೆಕ್ಕದ ಕರೆಂಟ್. ಕೇಬಲಿನ ನೂರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ರೆಸಿಸ್ಟೆನ್ಸನ್ನು ಓಮಿನಲ್ಲಿ ಅಳೆದರೂ ಪ್ರಯೋಜನವಿಲ್ಲ. ಸ್ಟಾರ್ಟರಿನ ದಾರಿಯಲ್ಲಿ ಕೇವಲ 0.01 ಓಮ್ ಅಡ್ಡಿಯಿದ್ದರೆ 150 ಆಂಪಿಗೆ 1.5 ವೋಲ್ಟ್ ಅಲ್ಲೇ ನಷ್ಟ, ಆದರೆ ಸಾಧಾರಣ ಮೀಟರಿನ ಎರಡು ಪ್ರೋಬ್ ವೈರುಗಳ ರೆಸಿಸ್ಟೆನ್ಸೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಅಳೆಯಬೇಕಾದದ್ದು ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ನಷ್ಟವಾಗುವ ವೋಲ್ಟ್, ಅದೂ ಕರೆಂಟ್ ಹರಿಯುತ್ತಿರುವಾಗ.

ಮೀಟರ್ ಡಿಸಿ ವೋಲ್ಟಿಗೆ ಇರಲಿ. ನಾಲ್ಕೈದು ಮೀಟರ್ ಉದ್ದದ ವೈರಿನ ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ, ಒಂದು ತುದಿಯನ್ನು ಕಪ್ಪು ಪ್ರೋಬಿಗೆ, ಇನ್ನೊಂದನ್ನು ಅರ್ಥ್ ಕಂಬಕ್ಕೆ ಕಚ್ಚಿಸಿ. ವೈರ್ ತೆಳುವಾಗಿದ್ದರೂ ಅಡ್ಡಿಯಿಲ್ಲ, ಮೀಟರ್ ಎಳೆಯುವ ಕರೆಂಟ್ ನಗಣ್ಯ. ಕ್ಲಿಪ್ ಸೀಸದ ಕಂಬದ ಮೇಲೇ ಕೂರಬೇಕು. ಕಂಬವನ್ನು ಸುತ್ತಿದ ಕ್ಲ್ಯಾಂಪಿಗೆ ಕಚ್ಚಿಸಿದರೆ ಕಂಬ-ಕ್ಲ್ಯಾಂಪಿನ ನಡುವಿನ ದೋಷ ಅಳತೆಗೆ ಸಿಗುವುದೇ ಇಲ್ಲ, ಮತ್ತು ಎಷ್ಟೋ ಸಲ ಅಪರಾಧಿ ಅಲ್ಲೇ ಇರುತ್ತದೆ.

ಮೊದಲು ಎಂಜಿನ್. ಗಿಯರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಇಗ್ನಿಷನ್ ಕಾಯಿಲಿನ ತೆಳು ವೈರ್ ಬಿಚ್ಚಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಬಿಚ್ಚಿದ ತುದಿಗೆ ಟೇಪ್ ಸುತ್ತಿ. ಕೆಂಪು ಪ್ರೋಬನ್ನು ಎಂಜಿನ್ ಬ್ಲಾಕಿನ ಪೇಂಟಿಲ್ಲದ ಬೋಲ್ಟಿಗೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಐದು ಸೆಕೆಂಡ್ ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗೆ ಬಂದರೆ ಉತ್ತಮ. 0.5 ದಾಟಿದರೆ ದೋಷ ಖಚಿತ. ಹಾಗಾದರೆ ಕೆಂಪು ಪ್ರೋಬನ್ನು ಬ್ಯಾಟರಿಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ತನ್ನಿ: ಎಂಜಿನ್ನಿಂದ ಚಾಸಿಗೆ ಬರುವ ಹೆಣೆದ ಪಟ್ಟಿಯ ಎರಡು ತುದಿ, ಚಾಸಿ, ಬಾಡಿ, ಕೇಬಲಿನ ಲಗ್ (ತುದಿಯ ಲೋಹದ ಬಳೆ), ಕ್ಲ್ಯಾಂಪ್. ಪ್ರತಿಯೊಂದಕ್ಕೂ ಸೆಲ್ಫ್ ಹೊಡೆಸಿ, ನಡುವೆ ಮೋಟಾರ್ ತಣಿಯಲು ಒಂದು ನಿಮಿಷ ಬಿಡಿ. ಅಂಕಿ ಎಲ್ಲಿ ಧಿಡೀರನೆ ಇಳಿಯುತ್ತದೋ, ಅದಕ್ಕೂ ಹಿಂದಿನ ಮೆಟ್ಟಿಲಿಗೂ ನಡುವೆ ದೋಷವಿದೆ. ಒಂದು ಬೋಲ್ಟ್ ಬಿಚ್ಚುವ ಮೊದಲೇ ಜಾಗ ಗೊತ್ತಾಯಿತು.

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ ಎಂಬುದು ನೆನಪಿರಲಿ. ಹೆಣೆದ ಪಟ್ಟಿ ತುಂಡಾದರೆ ಸ್ಟಾರ್ಟರಿನ ಅಷ್ಟೂ ಕರೆಂಟ್ ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲಿನ ಮೂಲಕ ಹಾಯುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ, ಹೊಗೆ ಬಂದರೆ ಅಲ್ಲಿಗೇ ನಿಲ್ಲಿಸಿ ಪಟ್ಟಿ ನೋಡಿ. ಗಿಯರ್‌ಬಾಕ್ಸ್ ಅಥವಾ ಕ್ಲಚ್ ಕೆಲಸ ಮಾಡಿಸಿದ ಮೇಲೆ ಪಟ್ಟಿ ವಾಪಸ್ ಹಾಕಲು ಮರೆಯುವುದು ತೀರಾ ಸಾಮಾನ್ಯ.

ದೀಪಗಳಿಗೂ ಇದೇ ಕ್ರಮ. ದೀಪ ಉರಿಯುತ್ತಿರಲಿ, ಕೆಂಪು ಪ್ರೋಬ್ ಬಲ್ಬಿನ ಹಿತ್ತಾಳೆ ಕೊರಳಿಗೆ ಮುಟ್ಟಲಿ. 0.1 ವೋಲ್ಟಿನೊಳಗಿದ್ದರೆ ಸರಿ. ಅರ್ಥ್ ಪೂರ್ತಿ ತಪ್ಪಿದ್ದರೆ ಅಲ್ಲಿ 12ರ ಹತ್ತಿರ ಕಾಣುತ್ತದೆ. ದೀಪ ಹಾಕದೆ ಅಳೆದರೆ ಯಾವಾಗಲೂ ಸೊನ್ನೆ, ಆ ಸೊನ್ನೆಗೆ ಅರ್ಥವಿಲ್ಲ. 55 ವ್ಯಾಟಿನ ಎರಡು ಹೆಡ್‌ಲೈಟ್ ಸುಮಾರು 9 ಆಂಪ್ ಎಳೆಯುತ್ತವೆ. ಎರಡಕ್ಕೂ ಸೇರಿದ ಅರ್ಥಿನಲ್ಲಿ 0.1 ಓಮ್ ಅಡ್ಡಿಯಿದ್ದರೂ 0.9 ವೋಲ್ಟ್ ಹೋಯಿತು. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಹತ್ತಿರ ಹತ್ತಿರ ಶೇ 30 ಇಳಿಯುತ್ತದೆ. 'ಹಳೇ ಕಾರು, ಲೈಟು ಇಷ್ಟೇ' ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಇದೇ ನಷ್ಟ.

ಹಂತ 4: ಬಿಚ್ಚಿ ಉಜ್ಜುವುದು

ಬ್ಯಾಟರಿಯ ಅರ್ಥ್ ಕಂಬವನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಹಾಕಿ. ಆಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.

ಬೋಲ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿ ಬಿಡುವುದು ಕೆಲಸವಲ್ಲ. ಬಿಚ್ಚಿ, ಲಗ್ಗಿನ ಎರಡೂ ಮುಖ ಮತ್ತು ಲಗ್ ಕೂರುವ ತಗಡಿನ ಜಾಗವನ್ನು 120ರ ಎಮರಿ ಪೇಪರಿನಿಂದ ಲೋಹ ಮಿನುಗುವವರೆಗೆ ಉಜ್ಜಿ. ಲಗ್ಗಿನ ಅಗಲಕ್ಕಿಂತ ತುಸು ಹೆಚ್ಚು ಜಾಗ ತೆರೆದರೆ ಸಾಕು. ಹೊಸದಾಗಿ ಪೇಂಟ್ ಆದ, ಅದರಲ್ಲೂ ಪೌಡರ್ ಕೋಟಿಂಗ್ ಆದ ಚಾಸಿಯಲ್ಲಿ ಈ ಕೆಲಸಕ್ಕೆ ಕೈ ನಡುಗುತ್ತದೆ, ಆದರೆ ಆ ಲೇಪದ ಮೇಲೆ ಕೂತ ಲಗ್ಗಿಗೆ ಕರೆಂಟ್ ಹಾಯಲು ಬೋಲ್ಟಿನ ಥ್ರೆಡ್‌ಗಳಷ್ಟೇ ಉಳಿಯುತ್ತವೆ. ಬ್ಯಾಟರಿ ಕಂಬದ ಬಿಳಿ ಹುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ, ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು.

ಜೋಡಿಸುವ ಕ್ರಮ: ತಗಡು, ಅದರ ಮೇಲೆ ನೇರವಾಗಿ ಲಗ್, ಮೇಲೆ ಹಲ್ಲಿನ ಸ್ಟಾರ್ ವಾಷರ್, ಆಮೇಲೆ ನಟ್. ಲಗ್ಗಿನ ಕೆಳಗೆ ಸಾದಾ ವಾಷರ್ ಹಾಕಬೇಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಬಳಿಯಿರಿ. ಅದು ಕರೆಂಟ್ ಹರಿಸುವ ವಸ್ತುವಲ್ಲ, ನೀರು ತಡೆಯುವುದಷ್ಟೇ ಅದರ ಕೆಲಸ. ತೆಳು ತಗಡಿಗೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆದು ಅರ್ಥ್ ಮಾಡುವುದು ಬೇಡವೇ ಬೇಡ, ಒಂದೆರಡು ಮಳೆಗಾಲದಲ್ಲಿ ಅದು ಸಡಿಲವಾಗುತ್ತದೆ. ವೈರಿನ ಮೈಗೆ ಕಚ್ಚಿಸಿ ಕವಲು ತೆಗೆಯುವ ಪ್ಲಾಸ್ಟಿಕ್ ಕ್ಲಿಪ್ಪುಗಳೂ ಹಾಗೆಯೇ: ಎಳೆ ಕತ್ತರಿಸುತ್ತವೆ, ನೀರು ಒಳಗೆ ಬಿಡುತ್ತವೆ. ಕೇಬಲಿನ ಸಿಪ್ಪೆಯೊಳಗೆ ಹಸಿರು ಕಿಲುಬು ಹತ್ತಿದ್ದರೆ ಉಜ್ಜುತ್ತಾ ಕೂರದೆ ಕೇಬಲ್ ಬದಲಿಸಿ. ಬ್ಯಾಟರಿ ಅರ್ಥಿಗೆ ಕನಿಷ್ಠ 25 ಚದರ ಮಿಲಿಮೀಟರ್, ಬ್ಯಾಟರಿ ಡಿಕ್ಕಿಯಲ್ಲಿದ್ದರೆ 35. ಹೆಡ್‌ಲೈಟಿಗೆ 2.5.

ಹಂತ 5: ಕಣ್ಣಿಗೆ ಬೀಳದ ಅರ್ಥ್‌ಗಳು

ಆಲ್ಟರ್ನೇಟರಿನ ಬದಲು ಡೈನಮೊ ಇರುವ ಕಾರಿನಲ್ಲಿ ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಡಬ್ಬಿಗೆ ಪ್ರತ್ಯೇಕ ಅರ್ಥ್ ವೈರ್ ಉಂಟು. ಅದು ಸಡಿಲವಾದರೆ ರೆಗ್ಯುಲೇಟರ್ ತಡೆಹಿಡಿಯುವುದನ್ನೇ ಬಿಟ್ಟು ವೋಲ್ಟೇಜ್ ಏರುತ್ತದೆ, ಬಲ್ಬುಗಳು ಸಾಲಾಗಿ ಸುಡುತ್ತವೆ, ಬ್ಯಾಟರಿ ನೀರು ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಮುಳ್ಳುಗಳಿಗೆ ಸರಾಸರಿ 10 ವೋಲ್ಟ್ ಕೊಡುವ ಸ್ಟೆಬಿಲೈಜರ್ ಇದ್ದರೆ ಅದರ ಮೈಗೂ ಅರ್ಥ್ ಬೇಕು. ತಪ್ಪಿದಾಗ ಪೆಟ್ರೋಲ್, ಟೆಂಪರೇಚರ್ ಎರಡೂ ಮುಳ್ಳು ಮೇಲಕ್ಕೆ ಓಡುತ್ತವೆ. ಟೆಂಪರೇಚರ್ ಸೆಂಡರಿನ (ಮುಳ್ಳಿಗೆ ಅಳತೆ ಕಳಿಸುವ ಭಾಗ) ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಅರ್ಥ್ ಆ ಥ್ರೆಡ್ಡೇ. ಪೆಟ್ರೋಲ್ ಟ್ಯಾಂಕ್ ರಬ್ಬರಿನ ಮೇಲೆ ಕೂತಿದ್ದರೆ ಸೆಂಡರಿನ ತಳದ ಸ್ಕ್ರೂನಿಂದ ಬಾಡಿಗೆ ಒಂದು ವೈರ್ ಇರಲೇಬೇಕು, ಆದರೆ ಆ ಕೆಲಸವನ್ನು ಬ್ಯಾಟರಿ ಪೂರ್ತಿ ಬಿಚ್ಚಿಟ್ಟೇ ಮಾಡಿ, ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ. ಫೈಬರ್ ಬಾಡಿಯ ಕಾರಿನಲ್ಲಿ ತಗಡಿನ ದಾರಿಯೇ ಇಲ್ಲ, ಪ್ರತಿ ದೀಪದ ಅರ್ಥ್ ವೈರನ್ನು ಚಾಸಿಯವರೆಗೆ ಹಿಂಬಾಲಿಸಬೇಕು.

ಅರ್ಥ್ ಕಂಬದಿಂದ ದೀಪದ ಮೈಗೆ ತಾತ್ಕಾಲಿಕ ವೈರ್ ಮುಟ್ಟಿಸಿ ಬೆಳಕು ಹೆಚ್ಚುವುದನ್ನು ನೋಡುವ ಅಡ್ಡದಾರಿಯೂ ಇದೆ. ದೋಷ ಪತ್ತೆಗೆ ಅದು ಚೆನ್ನಾಗಿದೆ. ಆದರೆ ಆ ವೈರನ್ನೇ ಖಾಯಂ ಮಾಡಿ ಕೈ ತೊಳೆದುಕೊಂಡರೆ, ಮೂಲ ಅರ್ಥ್ ಹಂಚಿಕೊಂಡ ಪಕ್ಕದ ದೀಪ ಮುಂದಿನ ಸರದಿಗೆ ಕಾದಿರುತ್ತದೆ.

ಎಲ್ಲ ಜೋಡಿಸಿದ ಮೇಲೆ ಹಂತ 3ರ ಅಳತೆಗಳನ್ನು ಅದೇ ಜಾಗಗಳಲ್ಲಿ ಮತ್ತೊಮ್ಮೆ ತೆಗೆದು, ಒಂದು ಚೀಟಿಯಲ್ಲಿ ಬರೆದು ಕಾರಿನ ಕಾಗದಪತ್ರಗಳ ಜೊತೆ ಇಡಿ. ಮುಂದಿನ ವರ್ಷ ಯಾವ ಬೋಲ್ಟ್ ಬಿಚ್ಚಬೇಕು ಎಂಬುದನ್ನು ಆ ಚೀಟಿಯೇ ಹೇಳುತ್ತದೆ.