ಇಂಪ್ಲಾಂಟ್ ಮಾರಾಟದ ಕೆಲಸ ಒಪ್ಪಿಕೊಳ್ಳುವ ಮೊದಲು ನಾನು ವಿಚಾರಿಸಿದ್ದು

ಮುರಿದ ಮೂಳೆಗೆ ಕೂರಿಸುವ ಪ್ಲೇಟು, ಸ್ಕ್ರೂ, ನೇಲುಗಳನ್ನು ಆಸ್ಪತ್ರೆಗಳಿಗೆ ಮಾರುವ ಕೆಲಸಕ್ಕೆ ಕರೆ ಬಂದಾಗ ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಎಂಜಿನಿಯರ್ ಆಗಿದ್ದೆ. ಮೆಡಿಕಲ್ ಎಲೆಕ್ಟ್ರಾನಿಕ್ಸ್ ಓದಿದವರು ಸಾಮಾನ್ಯವಾಗಿ ಹಿಡಿಯುವ ದಾರಿ ಅದೇ: ಮಾನಿಟರ್, ವೆಂಟಿಲೇಟರ್, ಸಿ-ಆರ್ಮ್‌ಗಳ (ಶಸ್ತ್ರಚಿಕಿತ್ಸೆಯ ನಡುವೆ ಎಕ್ಸ್‌ರೇ ತೋರಿಸುವ ಯಂತ್ರ) ದುರಸ್ತಿ, ಕ್ಯಾಲಿಬ್ರೇಶನ್, ಎಎಂಸಿ ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದದ ಕಾಗದಪತ್ರ. ಸಂಬಳ ನಿಧಾನವಾಗಿ ಏರುತ್ತಿತ್ತು, ಆದರೆ ತಿಂಗಳ ಮೊದಲ ವಾರ ತಪ್ಪದೆ ಬರುತ್ತಿತ್ತು. ಹೊಸ ಕೆಲಸದವರು ಹೇಳಿದ ಸಿಟಿಸಿ, ಅಂದರೆ ನನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಅದರ ಒಂದೂವರೆ ಪಟ್ಟಿಗಿಂತ ಹೆಚ್ಚಿತ್ತು. ಮನೆಯಲ್ಲಿ ಅವ್ವ, "ದವಾಖಾನ್ಯಾಗಿನ ನೌಕರಿ ಬಿಟ್ಟು ದವಾಖಾನಿಗೇ ಸಾಮಾನ ಮಾರಾಕ ಹೊಂಟಿಯೇನು?" ಎಂದು ಕೇಳಿದಾಗ ನನ್ನ ಬಳಿ ಸಿಟಿಸಿಯ ಅಂಕಿಯನ್ನು ಬಿಟ್ಟು ಬೇರೆ ಉತ್ತರ ಇರಲಿಲ್ಲ. ಆ ಉತ್ತರ ಸಾಲದು ಎನಿಸಿದ್ದರಿಂದ, ಒಪ್ಪಿಗೆ ಕೊಡಲು ಸ್ವಲ್ಪ ಸಮಯ ಕೇಳಿ ಒಂದು ಇಂಪ್ಲಾಂಟು, ಅಂದರೆ ಮೈಯೊಳಗೆ ಕೂರಿಸುವ ಇಂಥ ಸಾಮಾನು, ಕಂಪನಿಯಿಂದ ರೋಗಿಯ ಕಾಲಿನವರೆಗೆ ಹೇಗೆ ಹೋಗುತ್ತದೆ, ಅದರ ಹಣ ಹೇಗೆ ಹಿಂದಿರುಗುತ್ತದೆ, ಆ ಸಾಲಿನಲ್ಲಿ ನಾನು ಎಲ್ಲಿ ನಿಲ್ಲುತ್ತೇನೆ ಎಂಬುದನ್ನು ವಿಚಾರಿಸತೊಡಗಿದೆ.

ಮೊದಲು ತಿಳಿದದ್ದು, ಕರೆ ಬಂದದ್ದು ಕಂಪನಿಯಿಂದಲೋ ಅದರ ಡೀಲರ್‌ನಿಂದಲೋ ಎಂಬುದೇ ಸ್ಪಷ್ಟವಿಲ್ಲ ಎಂಬುದು. ವಿಸಿಟಿಂಗ್ ಕಾರ್ಡಿನಲ್ಲಿ ಕಂಪನಿಯ ಹೆಸರು ದೊಡ್ಡದಾಗಿ ಇರುತ್ತದೆ. ಆದರೆ ನೇಮಕಾತಿ ಪತ್ರ, ಪಿಎಫ್, ಸಂಬಳದ ಚೀಟಿ ಎಲ್ಲವೂ ಡೀಲರ್‌ನ ಸಂಸ್ಥೆಯ ಹೆಸರಿನಲ್ಲಿ ಬರಬಹುದು. ನನಗೆ ಬಂದ ಮೊದಲ ಪತ್ರದ ಕರಡು ಹಾಗೆಯೇ ಇತ್ತು. ಇದರಲ್ಲಿ ಮೋಸವೇನೂ ಇಲ್ಲ, ಉತ್ತರ ಕರ್ನಾಟಕದ ಇಂಪ್ಲಾಂಟ್ ವ್ಯಾಪಾರದ ಬಹುಭಾಗ ಡೀಲರ್‌ಗಳ ಮೂಲಕವೇ ನಡೆಯುತ್ತದೆ. ಆದರೆ ಡೀಲರ್ ನಾಳೆ ಕಂಪನಿ ಬದಲಿಸಿದರೆ ನಾನು ಕಲಿತ ಸಿಸ್ಟಮ್, ಕಟ್ಟಿಕೊಂಡ ಪರಿಚಯ, ನನ್ನ ಟಾರ್ಗೆಟ್ ಎಲ್ಲವೂ ಒಂದೇ ದಿನದಲ್ಲಿ ಬದಲಾಗುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಿತ್ತು.

ಈ ಭಾಗದಲ್ಲಿ ನನಗಿಂತ ಮೊದಲು ಅದೇ ಕೆಲಸ ಮಾಡಿ ಬಿಟ್ಟವರೊಬ್ಬರನ್ನು ಹುಡುಕಿ ಮಾತಾಡಿದೆ. ಯಾವ ಸೇಲ್ಸ್ ಕೆಲಸಕ್ಕಾದರೂ ಇದಕ್ಕಿಂತ ಉಪಯುಕ್ತವಾದ ವಿಚಾರಣೆ ಇಲ್ಲವೆಂದು ನನ್ನ ಅಭಿಪ್ರಾಯ. ಇಂಟರ್‌ವ್ಯೂ ಮಾಡುವ ಮ್ಯಾನೇಜರ್ ಹುದ್ದೆ ಏಕೆ ಖಾಲಿಯಾಯಿತೆಂದು ಹೇಳುವುದಿಲ್ಲ, ಹೇಳಿದರೂ ಅದು ಒಂದು ಪಕ್ಷದ ಮಾತು. ವಿದ್ಯಾನಗರದ ಚಹಾದ ಅಂಗಡಿಯಲ್ಲಿ ಕುಳಿತು ಅವರು ಹೇಳಿದ್ದು ಇಷ್ಟು: "ಮಾರೂದು ತ್ರಾಸ ಇಲ್ರೀ. ಡಾಕ್ಟರ್‌ಗೆ ಸಾಮಾನ ಬೇಕ ಬೇಕು, ಆಕ್ಸಿಡೆಂಟ್ ನಿಲ್ಲಂಗಿಲ್ಲ. ಉದ್ರಿ ವಸೂಲಿ ಅದಲ್ರೀ, ಅದು ಮನಶ್ಯಾನ ತಿಂತದ." ಅವರ ಇನ್ಸೆಂಟಿವ್ ಬಿಲ್ಲಿಂಗ್ ಮೇಲೆ ಅಲ್ಲ, ಕಲೆಕ್ಷನ್ ಮೇಲೆ ಇತ್ತು. ಅಂದರೆ ಇಂಪ್ಲಾಂಟ್ ಬಳಕೆಯಾದ ದಿನ ಅವರಿಗೆ ಏನೂ ಸಿಗುತ್ತಿರಲಿಲ್ಲ. ಆಸ್ಪತ್ರೆ ಹಣ ಕೊಟ್ಟ ಮೇಲೆ ಸಿಗುತ್ತಿತ್ತು, ಅದೂ ನಿಗದಿತ ಅವಧಿಯೊಳಗೆ ಬಂದರೆ ಮಾತ್ರ.

ಆ ಅವಧಿ ಏಕೆ ಮೀರುತ್ತದೆ ಎಂಬುದನ್ನು ನಾನಿದ್ದ ಆಸ್ಪತ್ರೆಯ ಪರ್ಚೇಸ್ ವಿಭಾಗದಲ್ಲಿ ಕೇಳಿದೆ. ಪ್ಲೇಟು, ಸ್ಕ್ರೂ, ಸಲಕರಣೆಗಳ ಸೆಟ್ಟು ಮೊದಲು ಬಿಲ್ಲಿಲ್ಲದೆ ಡೆಲಿವರಿ ಚಲನ್ ಮೇಲೆ ಬರುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಪ್ಲೇಟು ಮತ್ತು ಸ್ಕ್ರೂಗಳ ಸ್ಟಿಕ್ಕರು ಕೇಸ್ ಶೀಟಿಗೆ ಅಂಟುತ್ತದೆ, ಅದರ ಆಧಾರದ ಮೇಲೆ ಪರ್ಚೇಸ್ ಆರ್ಡರ್ ಆಗುತ್ತದೆ, ಆಮೇಲೆ ಬಿಲ್ಲು. ರೋಗಿ ನಗದು ಕಟ್ಟಿದ್ದರೆ ಬೇಗ ತೀರುತ್ತದೆ. ವಿಮೆಯ ಅಥವಾ ಸರ್ಕಾರಿ ಯೋಜನೆಯ ಪ್ಯಾಕೇಜಿನಲ್ಲಿದ್ದರೆ ಆ ಹಣ ಆಸ್ಪತ್ರೆಗೆ ಬಂದ ಮೇಲೆ ಡೀಲರ್‌ನ ಪಾಳಿ. ಒಂದು ಸ್ಟಿಕ್ಕರು ಕಾಣೆಯಾದರೆ ಬಿಲ್ಲು ಅಲ್ಲಿಯೇ ನಿಲ್ಲುತ್ತದೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂಬ 2006ರ ಎಂಎಸ್ಎಂಇ ಕಾಯ್ದೆಯ ರಕ್ಷಣೆ ಇದೆಯಲ್ಲ ಎಂದು ನಾನು ಕೇಳಿದಾಗ ಅಕೌಂಟ್ಸ್‌ನವರು ನಕ್ಕರು. ಬರೀ ವ್ಯಾಪಾರ ಮಾಡುವ ಡೀಲರ್‌ಗಳಿಗೆ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸಿಕ್ಕರೂ ಅದರ ಪ್ರಯೋಜನ ಬ್ಯಾಂಕಿನ ಆದ್ಯತಾ ಸಾಲಕ್ಕೆ ಸೀಮಿತ, ತಡವಾದ ಪಾವತಿಯ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಉದ್ರಿಯ ಭಾರ ಡೀಲರ್ ಮೇಲೆ, ಡೀಲರ್‌ನಿಂದ ಅವನ ಸೇಲ್ಸ್ ಹುಡುಗನ ಮೇಲೆ ಇಳಿಯುತ್ತದೆ. ನನಗೆ ಹೇಳಿದ ಸಿಟಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲು ಇನ್ಸೆಂಟಿವ್ ಆಗಿತ್ತು. ಅದನ್ನು ಕಳೆದು ಪೆಟ್ರೋಲು, ಊರೂರಿನ ಊಟ, ಗಾಡಿಯ ಸವಕಳಿ ಲೆಕ್ಕ ಹಾಕಿದಾಗ ಹಳೆಯ ಸಂಬಳಕ್ಕೂ ಹೊಸದಕ್ಕೂ ಇದ್ದ ಅಂತರ ಬಹಳ ಕಿರಿದಾಯಿತು.

ಕೆಲಸದ ಸ್ವರೂಪ ತಿಳಿಯಲು ಓಟಿಗಿಂತ, ಅಂದರೆ ಆಪರೇಷನ್ ಥಿಯೇಟರಿಗಿಂತ, ಒಳ್ಳೆಯ ಜಾಗ ಇರಲಿಲ್ಲ. ನಾನು ಸಿ-ಆರ್ಮ್ ಕೆಟ್ಟಾಗ ಅಲ್ಲಿಗೆ ಹೋಗುತ್ತಿದ್ದವನೇ, ಆದರೆ ಮೂಲೆಯಲ್ಲಿ ನಿಲ್ಲುತ್ತಿದ್ದ ಇಂಪ್ಲಾಂಟ್‌ನವರನ್ನು ಅದುವರೆಗೆ ಗಮನವಿಟ್ಟು ನೋಡಿರಲಿಲ್ಲ. ಸರ್ಜನ್ ಸರ್ ಅವರ ಅನುಮತಿ ಪಡೆದು ಪಾದದ ಗಂಟಿನ ಮೇಲ್ಭಾಗದ ಟಿಬಿಯಾ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಮುರಿತದ ಒಂದು ಕೇಸನ್ನು ಆದಿಯಿಂದ ಅಂತ್ಯದವರೆಗೆ ನಿಂತು ನೋಡಿದೆ. ಆ ಜಾಗಕ್ಕೆ ಬಳಸುವ ಲಾಕಿಂಗ್ ಪ್ಲೇಟು (ಸ್ಕ್ರೂವಿನ ತಲೆ ಇದರ ತೂತಿನಲ್ಲೇ ಬಿಗಿದುಕೊಳ್ಳುತ್ತದೆ) ಮೂಳೆಯ ಆಕಾರಕ್ಕೆ ಬಾಗಿರುವುದರಿಂದ ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ. ಎಕ್ಸ್‌ರೇ ನೋಡಿ ಹಿಂದಿನ ಸಂಜೆಯೇ ಸರಿಯಾದದ್ದನ್ನು ತಲುಪಿಸಿ, ಸಲಕರಣೆಗಳ ಶುದ್ಧೀಕರಣ ವಿಭಾಗವಾದ ಸಿಎಸ್ಎಸ್‌ಡಿಯಲ್ಲಿ ಆಟೋಕ್ಲೇವ್ ಆಗುವಂತೆ, ಅಂದರೆ ಹಬೆಯಿಂದ ಕ್ರಿಮಿಮುಕ್ತವಾಗುವಂತೆ, ನೋಡಿಕೊಳ್ಳುವುದು ಸೇಲ್ಸ್‌ನವನ ಹೊಣೆ. ಬೆಳಿಗ್ಗೆ ಟ್ರೇ ತೆರೆದ ಮೇಲೆ ಅವನು ಅದನ್ನು ಮುಟ್ಟುವಂತಿಲ್ಲ, ಎಲ್ಲವನ್ನೂ ದೂರದಿಂದ ಬಾಯಿಯಲ್ಲೇ ಹೇಳಬೇಕು. 3.5 ಎಂಎಂ ಸಾಧಾರಣ ಕಾರ್ಟಿಕಲ್ ಸ್ಕ್ರೂಗೆ 2.5ರ ಡ್ರಿಲ್, ಅದೇ ಅಳತೆಯ ಲಾಕಿಂಗ್ ಸ್ಕ್ರೂಗೆ 2.8ರದ್ದು, ಅದೂ ಪ್ಲೇಟಿನ ತೂತಿಗೆ ನೇರವಾಗಿ ತಿರುಗಿಸಿ ಕೂರಿಸಿದ ಸ್ಲೀವ್ ಮೂಲಕ. ಹೊಸ ಸಿಸ್ಟರ್ ತಪ್ಪು ಡ್ರಿಲ್ ಎತ್ತಿಕೊಂಡಾಗ ಆ ಹುಡುಗ ಮೆಲ್ಲಗೆ, "ಸಿಸ್ಟರ್, ಎರಡು ಎಂಟು" ಎಂದ. ಅಷ್ಟೇ. ಅದನ್ನು ಹೇಳುವ ಧ್ವನಿ ಸರ್ಜನ್‌ಗೆ ಅಡ್ಡ ಬರಬಾರದು, ಸಿಸ್ಟರ್‌ಗೆ ಅವಮಾನವೂ ಆಗಬಾರದು. ಆಮೇಲೆ ತೂತಿನ ಆಳ ಅಳೆಯುವ ಡೆಪ್ತ್ ಗೇಜ್ 34 ಎಂಎಂ ತೋರಿಸಿತು. ಸ್ಕ್ರೂಗಳು 2 ಎಂಎಂ ಅಂತರದಲ್ಲಿ ಬರುತ್ತವೆ. ರ‍್ಯಾಕಿನಲ್ಲಿ 32 ಇತ್ತು, 36 ಇತ್ತು, 34ರ ಗುಂಡಿ ಖಾಲಿ. ಹಿಂದಿನ ಕೇಸಿನಲ್ಲಿ ಬಳಸಿದ್ದನ್ನು ತುಂಬಿರಲಿಲ್ಲ. ಸರ್ಜನ್ ತಲೆಯೆತ್ತದೆ 36 ಕೇಳಿ ಮುಂದುವರಿದರು, ಆದರೆ ಓಟಿಯಲ್ಲಿ ಆವರಿಸಿದ ಮೌನವನ್ನು ಆ ಹುಡುಗ ಮುಂದಿನ ಎಷ್ಟೋ ಭೇಟಿಗಳಲ್ಲಿ ಹೊರಬೇಕಾಗುತ್ತದೆ ಎಂಬುದು ನನಗೆ ಗೊತ್ತಾಯಿತು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅವನು ಟ್ರೇಯನ್ನು ತೊಳೆಸಿ, ಎಣಿಸಿ, ಡಬ್ಬಿಗೆ ತುಂಬಿ ಮತ್ತೊಂದು ಆಸ್ಪತ್ರೆಗೆ ಹೊರಟ.

ಸತ್ಯ ಹೇಳಬೇಕೆಂದರೆ ಈ ಭಾಗ ನನಗೆ ಹಿಡಿಸಿತು. ಯಂತ್ರ ಕೆಟ್ಟಾಗ ಮಾತ್ರ ನೆನಪಾಗುವ ಕೆಲಸದಿಂದ ಬಂದವನಿಗೆ, ಪ್ರತಿ ಕೇಸಿನಲ್ಲೂ ತನ್ನ ತಿಳಿವಳಿಕೆ ಬೇಕಾಗುವ ಕೆಲಸ ಆಕರ್ಷಕವಾಗಿ ಕಾಣುವುದು ಸಹಜ. ಔಷಧ ಕಂಪನಿಯ ಪ್ರತಿನಿಧಿಯಾಗಿರುವ ನನ್ನ ಗೆಳೆಯನಿಗೆ ಡಾಕ್ಟರ ಕೋಣೆಯಲ್ಲಿ ಎರಡು ನಿಮಿಷ ಸಿಕ್ಕರೆ ಹೆಚ್ಚು. ಇಲ್ಲಿ ಡಾಕ್ಟರೇ ಕೇಸಿಗೆ ಮೊದಲು ಫೋನು ಮಾಡುತ್ತಾರೆ. ಆದರೆ ಆ ಫೋನಿಗೆ ಹೊತ್ತುಗೊತ್ತಿಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ರಾತ್ರಿ ಅಪಘಾತವಾದರೆ ನಸುಕಿನಲ್ಲಿ ಸೆಟ್ಟು ಬೇಕು.

ವಿಕಿರಣದ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತಿದೆ. ಸಿ-ಆರ್ಮ್ ಒಳಗನ್ನು ಬಿಚ್ಚಿ ಕಂಡವನಿಗೆ ಅದು ಸಣ್ಣ ವಿಷಯವಲ್ಲ. ನಮ್ಮ ದೇಶದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಂತೆ ವಿಕಿರಣದ ನಡುವೆ ಕೆಲಸ ಮಾಡುವವರು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಮೈಗೆ ತಗುಲಿದ ವಿಕಿರಣ ಅಳೆಯಲು ಎದೆಗೆ ಸಿಕ್ಕಿಸುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಆದರೆ ಹತ್ತಾರು ಆಸ್ಪತ್ರೆಗಳ ಓಟಿಯಲ್ಲಿ ನಿಲ್ಲುವ ಸೇಲ್ಸ್‌ನವನು ಯಾವ ಆಸ್ಪತ್ರೆಯ ಸಿಬ್ಬಂದಿಯೂ ಅಲ್ಲವಾದ್ದರಿಂದ ಅವನ ಎದೆಯ ಮೇಲೆ ಬ್ಯಾಡ್ಜೇ ಇರುವುದಿಲ್ಲ, ಲೆಡ್ ಏಪ್ರನ್ ಕೂಡ ಉಳಿದರೆ ಸಿಗುತ್ತದೆ. ನಾನು ನೋಡಿದ ಕೇಸಿನಲ್ಲಿ ಆ ಹುಡುಗ ಎಕ್ಸ್‌ರೇ ಹೊರಡುವ ಟ್ಯೂಬಿನ ಬದಿಗೇ ನಿಂತಿದ್ದ. ಅಡ್ಡ ಚಿತ್ರ ತೆಗೆಯುವಾಗ ರೋಗಿಯ ಮೈಯಿಂದ ಚದುರುವ ಕಿರಣ ಆ ಬದಿಯಲ್ಲಿಯೇ ಹೆಚ್ಚು. ಕಿರಣವನ್ನು ಹಿಡಿಯುವ ಡಿಟೆಕ್ಟರ್ ಬದಿಗೆ ಸರಿದು ಎರಡು ಹೆಜ್ಜೆ ಹಿಂದೆ ನಿಲ್ಲು ಎಂದು ಹೊರಗೆ ಬಂದ ಮೇಲೆ ಹೇಳಿದೆ. ದೂರ ಎರಡರಷ್ಟಾದರೆ ಕಿರಣದ ಪ್ರಮಾಣ ನಾಲ್ಕನೇ ಒಂದಕ್ಕೆ ಇಳಿಯುತ್ತದೆ ಎಂಬುದನ್ನು ಅವನಿಗೆ ಯಾವ ಟ್ರೇನಿಂಗಿನಲ್ಲೂ ಹೇಳಿರಲಿಲ್ಲವಂತೆ.

ಇನ್ನು ಎಲ್ಲರೂ ಪಿಸುಮಾತಿನಲ್ಲಿ ಹೇಳುವ "ಕಟ್", ಅಂದರೆ ಡಾಕ್ಟರ್‌ಗೆ ಹೋಗುವ ಕಮಿಷನ್ ವಿಷಯ. ಸ್ಟೆಂಟುಗಳಿಗೆ 2017ರ ಫೆಬ್ರವರಿಯಲ್ಲಿ, ಮಂಡಿ ಬದಲಾವಣೆಯ ಇಂಪ್ಲಾಂಟುಗಳಿಗೆ ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಗರಿಷ್ಠ ದರ ಕಟ್ಟಿತು. ಔಷಧ ಲೇಪಿತ ಸ್ಟೆಂಟಿಗೆ ಆಗ ನಿಗದಿಯಾದದ್ದು 29,600 ರೂಪಾಯಿ. ಮುರಿತಕ್ಕೆ ಬಳಸುವ ಪ್ಲೇಟು–ಸ್ಕ್ರೂಗಳಿಗೆ ಅಂಥ ಮಿತಿ ಬರಲಿಲ್ಲ, ಡೀಲರ್ ಕೊಳ್ಳುವ ದರಕ್ಕೂ ಎಂಆರ್‌ಪಿಗೂ ನಡುವೆ ಜಾಗ ಬಹಳ ಉಳಿಯಿತು. ಆ ಜಾಗವೇ ಆಮಿಷಕ್ಕೆ ದಾರಿ. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ ಪಡೆಯುವುದನ್ನು ಅವರ ನಡವಳಿಕೆಯ ನಿಯಮಗಳು 2009ರ ತಿದ್ದುಪಡಿಯಿಂದಲೇ ನಿಷೇಧಿಸಿವೆ. ಅಂಥ ಖರ್ಚನ್ನು ಕಂಪನಿಗಳು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲವೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ಹೇಳಿತು. 2024ರಲ್ಲಿ ವೈದ್ಯಕೀಯ ಉಪಕರಣಗಳ ಮಾರಾಟಕ್ಕೆಂದೇ ಪ್ರತ್ಯೇಕ ಸಂಹಿತೆ ಬಂತು. ನಿಯಮ ಇದೆ ಎಂದು ಓದಿ ಸಮಾಧಾನಪಡುವ ಬದಲು ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆ ಕೇಳಿದೆ: ಡಾಕ್ಟರ್‌ಗಳಿಗೆ ಸಂಬಂಧಿಸಿದ ಯಾವುದಾದರೂ ಖರ್ಚು ನನ್ನ ಹೆಸರಿನ ವೌಚರಿನಲ್ಲಿ ಬರುತ್ತದೆಯೇ? ಡೀಲರ್ ಮಾತು ತಿರುಗಿಸಿದರು, "ಅದೆಲ್ಲಾ ಆಮ್ಯಾಲ ನೋಡೂಣ್ರಿ" ಎಂದರು. ಕಂಪನಿಯ ವಲಯ ವ್ಯವಸ್ಥಾಪಕರು, ಕಾನ್ಫರೆನ್ಸ್, ವರ್ಕ್‌ಶಾಪ್ ಖರ್ಚೆಲ್ಲ ಹೆಡ್ ಆಫೀಸಿನಿಂದ ನೇರವಾಗಿ ಪಾವತಿಯಾಗುತ್ತದೆ, ಫೀಲ್ಡಿನವರ ಕೈಗೆ ನಗದು ಕೊಡುವುದಿಲ್ಲ ಎಂದರು. ಎರಡು ಉತ್ತರಗಳ ನಡುವಿನ ವ್ಯತ್ಯಾಸ ನನ್ನ ನಿರ್ಧಾರವನ್ನು ಅರ್ಧ ಮಾಡಿಬಿಟ್ಟಿತು. ನಾಳೆ ತನಿಖೆಯಾದರೆ ಸಿಕ್ಕಿಬೀಳುವುದು ವೌಚರಿಗೆ ಸಹಿ ಹಾಕಿದ ಕೈ.

ಕಾಗದಪತ್ರಗಳನ್ನು ಬೇಗ ನೋಡಿ ಮುಗಿಸಿದೆ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳೆಲ್ಲ ಕಾನೂನಿನ ದೃಷ್ಟಿಯಲ್ಲಿ ಔಷಧಗಳೇ. ಮೂಳೆಯ ಇಂಪ್ಲಾಂಟುಗಳು ಅದಕ್ಕೂ ಬಹಳ ಹಿಂದೆ ನಿಯಂತ್ರಣಕ್ಕೆ ಬಂದಿದ್ದವು. 2017ರ ನಿಯಮಗಳಲ್ಲಿ ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ವರ್ಗಗಳಿವೆ. ಸಿ ಮತ್ತು ಡಿ ವರ್ಗದ ತಯಾರಿಕೆಗೆ ಕೇಂದ್ರದ ಎಂಡಿ-9 ಲೈಸೆನ್ಸ್, ಆಮದಿಗೆ ಎಂಡಿ-15, ಮಾರುವವರಿಗೆ ಎಂಡಿ-42 ನೋಂದಣಿ ಬೇಕು. ಮೂರರಲ್ಲಿ ಅನ್ವಯಿಸುವವನ್ನು ಕೇಳಿ ತರಿಸಿಕೊಂಡು ನೋಡಿದೆ, ಸರಿಯಾಗಿದ್ದವು.

ನೇಮಕಾತಿ ಪತ್ರದಲ್ಲಿ, ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಷರತ್ತು ಇತ್ತು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಂಥ ಷರತ್ತು ನೌಕರಿ ಮುಗಿದ ಮೇಲೆ ನಿಲ್ಲುವುದಿಲ್ಲ ಎಂದು ವಕೀಲರಾದ ನಮ್ಮ ಕಾಕಾ ಹೇಳಿದ್ದರಿಂದ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಸ್ಟಾಕಿನ ಸಾಲು: "ವಶದಲ್ಲಿರುವ ದಾಸ್ತಾನಿನ ಕೊರತೆಗೆ ಉದ್ಯೋಗಿ ಹೊಣೆ." ಒಂದು ಸೆಟ್ಟಿನಲ್ಲಿ ನೂರಾರು ಸ್ಕ್ರೂ, ಹಲವು ಸೆಟ್ಟು ಹಲವು ಆಸ್ಪತ್ರೆಗಳಲ್ಲಿ. ಓಟಿಯ ಬಕೆಟ್ಟಿಗೆ ಬಿದ್ದ ಸ್ಕ್ರೂವಿನ ದುಡ್ಡು ನನ್ನ ಸಂಬಳದಲ್ಲಿ ಕಡಿತವಾಗಲು ನಾನು ಒಪ್ಪಲು ಸಾಧ್ಯವಿರಲಿಲ್ಲ.

ಕೊನೆಗೆ ಡೀಲರ್‌ನ ಪತ್ರವನ್ನು ನಿರಾಕರಿಸಿ, ಸಿಟಿಸಿ ಸ್ವಲ್ಪ ಕಡಿಮೆಯಿದ್ದರೂ ಕಂಪನಿಯ ನೇರ ನೌಕರಿಯನ್ನು ಒಪ್ಪಿಕೊಂಡೆ. ಅದಕ್ಕೂ ಮೊದಲು ನಾಲ್ಕು ಮಾತು ಬರವಣಿಗೆಯಲ್ಲಿ ಕೇಳಿದೆ. ನನ್ನ ವ್ಯಾಪ್ತಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ಸೀಮಿತವಾಗಿರಬೇಕು, ಬೆಳಗಾವಿ ಮತ್ತು ವಿಜಯಪುರವನ್ನು ಆಮೇಲೆ ಸೇರಿಸಬಾರದು. ಇದಕ್ಕೆ ಒಂದು ವರ್ಷದ ಮಟ್ಟಿಗೆ ಒಪ್ಪಿದರು. ಇನ್ಸೆಂಟಿವ್ ಬಿಲ್ಲಿಂಗ್ ಮೇಲೆ ಇರಬೇಕು. ಅರ್ಧ ಬಿಲ್ಲಿಂಗ್, ಅರ್ಧ ಕಲೆಕ್ಷನ್ ಎಂದು ಹೊಂದಿಕೊಂಡೆವು, ನಾನು ಸೇರುವ ಮೊದಲಿನ ಉದ್ರಿ ನನ್ನ ಲೆಕ್ಕಕ್ಕೆ ಬರುವುದಿಲ್ಲವೆಂದು ಸೇರಿಸಿದರು. ಸ್ಟಾಕಿನ ಕೊರತೆ ತಿಂಗಳ ಎಣಿಕೆಯಲ್ಲಿ ನಿರ್ಲಕ್ಷ್ಯ ಸಾಬೀತಾದರೆ ಮಾತ್ರ ವಸೂಲಿ ಎಂದು ತಿದ್ದಿದರು. ಲೆಡ್ ಏಪ್ರನ್ ಮತ್ತು ಥೈರಾಯ್ಡ್ ಕಾಲರ್ ಕಂಪನಿಯೇ ಕೊಟ್ಟಿತು. ಟಿಎಲ್‌ಡಿ ಬ್ಯಾಡ್ಜಿನ ಬೇಡಿಕೆಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಪ್ರತಿ ತ್ರೈಮಾಸಿಕ ಮೀಟಿಂಗಿನಲ್ಲಿ ಅದನ್ನು ಮತ್ತೆ ಕೇಳುತ್ತಿದ್ದೇನೆ.